ಬಂಡಿಯ ಕಣ್ಣಿಗೆ ವಿಭೂತಿ

ಹೊಸ ವಸ್ತು ಯಾವುದೇ ಬರಲಿ, ಪೂಜೆಯಾಗದೆ ಕದಲಬಾರದು ಎಂಬುದು ಸಂಗಮ್ಮನವರ ಕಾಯಿದೆ. ಹುಮನಾಬಾದಿನ ಆ ಶಾಲೆಗೆ ಬಸ್ಸು ಬಂದಾಗ, ಬೋರ್‌ವೆಲ್ಲಿಗೆ ಮೋಟಾರು ಇಳಿಸಿದಾಗ, ಕಡೆಗೆ ಝೆರಾಕ್ಸ್ ಯಂತ್ರ ಬಂದಾಗಲೂ ಅವರೇ ಮುಂದೆ ನಿಂತು ವಿಭೂತಿ ಹಚ್ಚಿದ್ದರು. ಶಾಲೆ ನಿಂತ ಜಾಗ ಅವರದು, ಅದನ್ನು ನಡೆಸುವ ಕಾರ್ಯದರ್ಶಿ ಶಂಕರಲಿಂಗ ಅವರ ಮಗ. ಅಂದಮೇಲೆ ಬೇಡ ಎನ್ನುವ ಗಂಡೆದೆ ಯಾರಿಗಿದೆ? ವಾರ್ಷಿಕೋತ್ಸವದ ದಿನ ನಾಲ್ಕನೇ ತರಗತಿಯ ಮಕ್ಕಳು ಮಾಡಿದ ರೋಬೋಟಿಗೂ ಪೂಜೆ ತಪ್ಪಲಿಲ್ಲ. ಬಸ್ಸಿಗಾದರೆ ಹಣೆ ಇರುತ್ತದೆ, ಇದಕ್ಕೆ ಇರಲಿಲ್ಲ. ಮುಂದುಗಡೆ ಇದ್ದದ್ದು ಎರಡು ದುಂಡು ಕಣ್ಣು ಮಾತ್ರ. ಸಂಗಮ್ಮನವರು ನೀರಲ್ಲಿ ಕಲಸಿದ ವಿಭೂತಿಯನ್ನು ಮೂರು ಬೆರಳಲ್ಲಿ ತೆಗೆದು ಆ ಕಣ್ಣುಗಳ ಮೇಲೆಯೇ ದಪ್ಪಗೆ ಎಳೆದರು.

ಮಕ್ಕಳು ಅದನ್ನು ಬಂಡಿ ಎನ್ನುತ್ತಿದ್ದರು. ನಮಗೆ ಕೇಳಿಸದ ಶಬ್ದವೊಂದನ್ನು ಕಳಿಸಿ, ಅದು ತಾಕಿ ಮರಳಿದಾಗ ಎದುರಿಗೆ ಏನೋ ಇದೆ ಎಂದು ತಿಳಿಯುವ ಕಣ್ಣು ಅವು. ಗೇಣಿನಷ್ಟು ಹತ್ತಿರ ಏನಾದರೂ ಬಂದರೆ ನಿಲ್ಲು ಎಂದು ಕಂಪ್ಯೂಟರಿನಲ್ಲಿ ಬ್ಲಾಕು ಜೋಡಿಸಿ ಪ್ರೋಗ್ರಾಂ ಮಾಡಿದವಳು ಪೂನಂ, ದುಬಲಗುಂಡಿಯಲ್ಲಿ ಕುರಿ ಕಾಯುವ ಮಡೆಪ್ಪನ ಮಗಳು. ಸಂಗಮ್ಮನವರ ಒಂದು ಮಾತಿನಿಂದ ಅವಳಿಗೆ ಆ ಶಾಲೆಯಲ್ಲಿ ಜಾಗ ಸಿಕ್ಕಿತ್ತು. ಕಲಿಸಿದವಳು ವಿಜಯಶ್ರೀ ಟೀಚರ್. ನಾನು ಹೇಳಿದೆನೆಂದು ನಂಬಬೇಡಿ, ಮಾಡಿ ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ ಎಂದು ಅವಳು ದಿನವೂ ಮಕ್ಕಳ ತಲೆ ತಿನ್ನುತ್ತಿದ್ದಳು.

ಬಂಡಿ ಹಾರ ಹೊತ್ತು ವೇದಿಕೆಯ ಈ ತುದಿಯಿಂದ ಹೋಗಿ ಆ ತುದಿಯ ಅತಿಥಿಯ ಕಾಲ ಬಳಿ ನಿಲ್ಲಬೇಕಿತ್ತು. ಕಣ್ಣು ಮುಚ್ಚಿದ್ದನ್ನು ವಿಜಯಶ್ರೀ ಕಂಡಳು, ಇನ್ನು ಬಂಡಿಗೆ ಎದುರಿನದು ತಿಳಿಯುವಂತಿರಲಿಲ್ಲ. ಒರೆಸೋಣವೆಂದರೆ ಸಂಗಮ್ಮನವರು ಕೈಮುಗಿದು ನಿಂತಿದ್ದಾರೆ, ಅವರನ್ನು ನೋಡಿ ಅತಿಥಿಯೂ ಮುಗಿದಿದ್ದಾನೆ. ಊರೆಲ್ಲ ನೋಡುವಾಗ ಅಮ್ಮನವರು ಹಚ್ಚಿದ ವಿಭೂತಿ ಒರೆಸುವುದುಂಟೇ? ಬಂಡಿ ಕೈಕೊಟ್ಟರೆ ರೋಬೋಟಿನ ಕೋಣೆ ಖಾಲಿ ಮಾಡಿಸಿ ಯೂನಿಫಾರ್ಮ್ ಇಡಿಸುತ್ತೇನೆಂದು ಶಂಕರಲಿಂಗ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ. ಮಕ್ಕಳ ಪ್ರೋಗ್ರಾಂ ಬದಿಗಿಟ್ಟು ಬಂಡಿಯನ್ನು ಮೊಬೈಲಿನಿಂದಲೂ ಓಡಿಸಬಹುದಿತ್ತು. ಅವಳು ಪರದೆಯ ಮರೆಯಲ್ಲಿ ನಿಂತು ಓಡಿಸಿದಳು, ಸರಿಯಾದ ಜಾಗದಲ್ಲಿ ನಿಲ್ಲಿಸಿದಳು. ಚಪ್ಪಾಳೆ ಬಿತ್ತು, ಪೂನಂಗೆ ಶಾಲು ಹೊದಿಸಿದರು. ಇಷ್ಟಕ್ಕೆ ಮುಗಿಯಿತು ಎಂದುಕೊಂಡಳು ವಿಜಯಶ್ರೀ, ಪಾಪ.

ಮುಗಿಯುವುದೆಲ್ಲಿ ಬಂತು! ಕಣ್ಣು ಮುಚ್ಚಿದರೂ ಬಂಡಿ ದಾರಿ ಕಂಡಿತು, ಎಲ್ಲ ವಿಭೂತಿಯ ಮಹಿಮೆ ಎಂದು ಸಂಗಮ್ಮನವರು ಬಂದವರಿಗೆಲ್ಲ ಹೇಳಿದರು. ಮಾತು ಚಿಟಗುಪ್ಪ ದಾಟಿ ಬೇಮಳಖೇಡಕ್ಕೆ ಹೋಗಿ ಮರಳುವಷ್ಟರಲ್ಲಿ ಬಂಡಿ ಅತಿಥಿಗೆ ಬಾಗಿ ನಮಸ್ಕಾರವನ್ನೂ ಮಾಡಿತ್ತು. ಬಸವಕಲ್ಯಾಣದಲ್ಲಿ ಹತ್ತಾರು ಶಾಲೆ ಸೇರುವ ಪ್ರದರ್ಶನಕ್ಕೆ ಕರೆ ಬಂದಾಗ, ಅಲ್ಲಿಯೂ ಹಾಗೆಯೇ ವಿಭೂತಿ ಹಚ್ಚಿ ಬಿಡಬೇಕೆಂದು ಶಂಕರಲಿಂಗ ತೀರ್ಮಾನಿಸಿದ. ವಿಜಯಶ್ರೀ ಧೈರ್ಯ ಮಾಡಿ, ಕಣ್ಣು ತೆರೆದಿದ್ದರೇ ಒಳ್ಳೆಯದು ಎಂದು ಹೇಳಿ ನೋಡಿದಳು.

“ಅಂದ್ರ ನಮ್ಮ ಅವ್ವನ್ನ ಸುಳ್ಳ ಮಾಡ್ತೀರೇನ್ರಿ ಟೀಚರ್?” ಎಂದ. ಸಿಟ್ಟಿನಿಂದಲ್ಲ, ನಗುತ್ತಲೇ ಎಂದ. ಅವನ ಸಿಟ್ಟಿಗಾದರೆ ಉತ್ತರ ಕೊಡಬಹುದಿತ್ತು.

ಅಂದಿನಿಂದ ಅವಳದು ಬಾಯಲ್ಲಿ ಬಿಸಿ ತುಪ್ಪ. ನುಂಗುವಂತಿಲ್ಲ, ಉಗುಳುವಂತಿಲ್ಲ. ಬಿಟ್ಟು ಹೋದರೆ ಮಕ್ಕಳ ಕೋಣೆ ಹೋಗುತ್ತದೆ, ಇದ್ದರೆ ಮೊಬೈಲು ಹಿಡಿಯಬೇಕು. ತನ್ನ ಮೇಲೆ ತನಗೇ ಅಸಹ್ಯವಾಗುತ್ತಿತ್ತು.

ಬಸವಕಲ್ಯಾಣಕ್ಕೆ ಹೊರಟ ಬಸ್ಸಿನಲ್ಲಿ ಪೂನಂ ತೊಡೆಯ ಮೇಲೆ ಬಂಡಿ ಇಟ್ಟುಕೊಂಡು ವಿಜಯಶ್ರೀಯ ಪಕ್ಕದಲ್ಲೇ ಕುಳಿತಿದ್ದಳು. ಸಂಗಮ್ಮನವರೂ ಮಗನೂ ಮುಂದೆ ಕಾರಿನಲ್ಲಿದ್ದರು. ಊರು ದಾಟಿದ ಮೇಲೆ ಹುಡುಗಿ ಮೆಲ್ಲಗೆ ಬಾಯಿ ಬಿಟ್ಟಳು. ಊಟದ ಬಿಡುವಿನಲ್ಲಿ ತಾನೇ ಬಂಡಿಯ ಕಣ್ಣಿಗೆ ವಿಭೂತಿ ಹಚ್ಚಿ ಬಿಟ್ಟು ನೋಡಿದ್ದಳಂತೆ. ಹೋಗಿ ಗೋಡೆಗೆ ಗುದ್ದಿತಂತೆ. ಗುಡಿಯಿಂದ ತಂದದ್ದು ಹಚ್ಚಿದರೂ ಗುದ್ದಿತು, ಸಂಗಮ್ಮನವರ ತಟ್ಟೆಯಲ್ಲಿ ಉಳಿದದ್ದನ್ನೇ ಹಚ್ಚಿದರೂ ಗುದ್ದಿತು.

ವಿಜಯಶ್ರೀಗೆ ಕುತ್ತಿಗೆಯ ಉರುಳು ಸಡಿಲಾದಂತಾಯಿತು. ಹೆಮ್ಮೆಯೂ ಆಯಿತು. ತಾನು ಹೇಳಲಾರದ ನಿಜವನ್ನು ಹುಡುಗಿ ಮಾಡಿ ನೋಡಿ ತಿಳಿದಿದ್ದಾಳೆ. ಹಾಗಾದರೆ ಏನು ತಿಳಿಯಿತು ಎಂದು ಆಸೆಯಿಂದ ಕೇಳಿದಳು.

“ಒಂದೇ ಬದಲ ಮಾಡಿ ನೋಡ್ರಿ ಅಂದಿದ್ರಿ. ಬಂಡಿ ಅದೇ, ವಿಭೂತಿ ಅದೇ. ಕೈ ಒಂದೇ ಬ್ಯಾರೆ ರಿ,” ಎಂದಳು ಪೂನಂ. “ಅಮ್ಮಾರ ಕೈಲೆ ಹಚ್ಚಿದ್ರ ನಿಲ್ತದ. ನನ್ನ ಕೈಲೆ ನಿಲ್ಲೂದಿಲ್ರಿ.”

ಹೇಳಿ, ಅಂಗೈಯನ್ನು ಲಂಗಕ್ಕೆ ಒರೆಸಿಕೊಂಡಳು.

ವಿಜಯಶ್ರೀಗೆ ಅಳು ಒತ್ತಿ ಬಂತು. ಕಲಿಸಿದ್ದನ್ನು ಒಂದಕ್ಷರ ಬಿಡದೆ ಕಲಿತ ಮಗು, ಆ ಲೆಕ್ಕದಿಂದಲೇ ತನ್ನ ಕೈ ಕೀಳೆಂದು ತಿಳಿದುಕೊಂಡಿತ್ತು. ಇನ್ನು ಬಾಯಿ ಮುಚ್ಚಿಕೊಂಡಿರುವುದು ಸಾಧ್ಯವಿರಲಿಲ್ಲ. “ನಿನ್ನ ಕೈಯಾಗ ಏನೂ ತಪ್ಪಿಲ್ಲ ಪೂನಂ. ಆ ದಿವ್ಸ ನಿಲ್ಲಿಸಿದಾಕಿ ನಾನು. ಮೊಬೈಲಿಂದ,” ಎಂದಳು.

ಹುಡುಗಿ ತೊಡೆಯ ಮೇಲಿನ ಬಂಡಿಯನ್ನು ತಿರುಗಿಸಿ ಅದರ ಕಣ್ಣು ನೋಡಿದಳು. ಆಮೇಲೆ ಅಮ್ಮನವರಿಗೆ ಇದು ಗೊತ್ತೇ ಎಂದು ಕೇಳಿದಳು. ಇಲ್ಲ, ಇವತ್ತೇ ಹೇಳಿಬಿಡುತ್ತೇನೆ ಎಂದಳು ವಿಜಯಶ್ರೀ.

“ಬ್ಯಾಡ್ರಿ ಟೀಚರ್. ನಮ್ಮಪ್ಪ ಅವರ ಹೊಲದಾಗೇ ಕುರಿ ನಿಲ್ಲಸ್ತಾನ. ಅವರು ಸಿಟ್ಟಾದ್ರ ಕುರಿ ಎಲ್ಲಿ ನಿಲ್ಲಸೂದ್ರಿ?”



ಬಸವಕಲ್ಯಾಣದ ಸಭಾಂಗಣ ಕಿಕ್ಕಿರಿದಿತ್ತು. ಸಂಗಮ್ಮನವರು ಪ್ರೀತಿಯಿಂದಲೇ, ಮೊಮ್ಮಗುವಿಗೆ ಹಚ್ಚುವಂತೆ, ಬಂಡಿಯ ಕಣ್ಣು ತುಂಬ ವಿಭೂತಿ ಹಚ್ಚಿದರು. ಅವರಲ್ಲಿ ಕಪಟವಿರಲಿಲ್ಲ, ಅದೇ ಕಷ್ಟ. ತಾನು ಮೊಬೈಲು ಮುಟ್ಟದಿದ್ದರೆ ಬಂಡಿ ಹೋಗಿ ಇಲ್ಲಿನ ಅತಿಥಿಯ ಕಾಲಿಗೆ ಗುದ್ದುತ್ತದೆ, ನಿಜ ಹೊರಬೀಳುತ್ತದೆ ಎಂದು ವಿಜಯಶ್ರೀ ಒಂದು ಗಳಿಗೆ ಯೋಚಿಸಿದಳು. ಮರುಗಳಿಗೆಗೆ ಹೊಳೆಯಿತು, ಯಾವ ನಿಜವೂ ಹೊರಬೀಳುವುದಿಲ್ಲ. ವಿಭೂತಿಯನ್ನು ಯಾರೂ ದೂರುವುದಿಲ್ಲ, ಕುರಿಯವರ ಹುಡುಗಿಗೆ ಪ್ರೋಗ್ರಾಂ ಬರೆಯಲು ಬರಲಿಲ್ಲ ಎನ್ನುತ್ತಾರೆ.

ಪೂನಂ ಬಂಡಿಯನ್ನು ನೆಲಕ್ಕಿಟ್ಟು ಟೀಚರ್ ಪಕ್ಕಕ್ಕೆ ಬಂದಳು. ವಿಜಯಶ್ರೀ ಚೀಲದೊಳಗೆ ಕೈ ಹಾಕಿ ಮೊಬೈಲು ಹಿಡಿದಳು. ಬಂಡಿ ಹೊರಟಿತು. ಅದೇ ಹೊತ್ತಿಗೆ ಸಂಗಮ್ಮನವರು ಸಂತೋಷ ತಡೆಯಲಾರದೆ ಇವರತ್ತ ತಿರುಗಿದರು. ಅವರ ಕಣ್ಣು ಚೀಲದ ಕಡೆ ಇಳಿಯುವುದರೊಳಗೆ ಪೂನಂ ಸರಿದು ಅಡ್ಡ ನಿಂತಳು. ನಿಂತು, ಅಮ್ಮನವರಿಗೆ ಎರಡೂ ಕೈ ಎತ್ತಿ ಮುಗಿದಳು. ಬೆನ್ನ ಹಿಂದೆ ವಿಜಯಶ್ರೀ ಬಂಡಿಯನ್ನು ನಿಲ್ಲಿಸಿದಳು.