ಕಂಬಳಿ ತುಳಿದ ಕರಬಸಪ್ಪ

ಮಾಸೂರಿನಾಚೆ, ಹೊಲಗಳ ನಡುವೆ, ಕಂಬಳಿಯವರ ಒಂಬತ್ತು ಮನೆಗಳಿವೆ. ಅವರ ಬಗ್ಗೆ ಏನೂ ಗೊತ್ತಿಲ್ಲದವರಿಗೇ ಎಲ್ಲಾ ಗೊತ್ತು. ಅಮಾವಾಸ್ಯೆ ಮಧ್ಯಾಹ್ನ ಕದ ಹಾಕಿಕೊಂಡು ಮಾಟ ಮಾಡುತ್ತಾರೆ ಎಂದು ಹಿರೇಕೆರೂರಿನ ಚಹಾದಂಗಡಿ ಹೇಳಿತು. ನಿಧಿ ತೆಗೆಯುತ್ತಾರೆ ಎಂದು ಹಾನಗಲ್ಲಿನ ಬಸ್ಸು ಹೇಳಿತು. ಸುದ್ದಿ ಶಿಗ್ಗಾಂವಿ ಮುಟ್ಟುವಷ್ಟರಲ್ಲಿ ಮುದುಕರನ್ನು ಬಲಿ ಕೊಡುವಲ್ಲಿಗೆ ಬಂದಿತ್ತು. ಆ ಮುದುಕರು ತೊಂಬತ್ತು ದಾಟಿ ಸೊಸೆಯಂದಿರ ಜೀವ ತಿನ್ನುತ್ತಾ ಗಟ್ಟಿಯಾಗಿದ್ದರು. ಅದನ್ನು ಯಾವನೂ ಬಂದು ನೋಡಲಿಲ್ಲ.

ಈ ಸುಳ್ಳೆಲ್ಲ ಬಂದು ಶರಣುವಿನ ಕೊರಳಿಗೆ ಬಿತ್ತು. ಶರಣು ಕಂಬಳಿಯವರ ಹುಡುಗ, ಟ್ರ್ಯಾಕ್ಟರ್ ಓಡಿಸುವವನು. ಅವನಿಗೆ ಸವಣೂರಿನ ಅಂಕಿತಾ ಬೇಕು, ಅಂಕಿತಾಗೆ ಅವನು ಬೇಕು. ತಂದೆಯಿಲ್ಲದ ಹುಡುಗಿ, ಹೂಂ ಅನ್ನಬೇಕಾದವನು ಸೋದರಮಾವ ಕರಬಸಪ್ಪ. ಸವಣೂರಿನಲ್ಲಿ ಖಾರದ ಅಂಗಡಿ, ಮುಖದ ಮೇಲೆ ಬಣ್ಣ ಹಚ್ಚಿದ ಮೀಸೆ. ಈ ಮನುಷ್ಯ ಸುದ್ದಿ ನಿಜವೋ ಸುಳ್ಳೋ ನೋಡಿಯೇಬಿಡೋಣವೆಂದು, ಯಾರಿಗೂ ಹೇಳದೆ ಅಮಾವಾಸ್ಯೆಯ ದಿನವೇ ಬೈಕು ಹತ್ತಿ ಬಂದು, ಮುಚ್ಚಿದ ಕದಕ್ಕೆ ಕಿವಿ ಹಚ್ಚಿ ನಿಂತುಬಿಟ್ಟ.

ಒಳಗೆ ನಡೆಯುತ್ತಿದ್ದದ್ದು ಇಷ್ಟೇ. ಅವರ ಮೂಲಜ್ಜ ಸಾಯುವಾಗ ಹೇಳಿದ್ದ: ಹಿರಿಯರನ್ನು ಹೊಗಳಿದರೆ ನಾಳೆ ಗುಡಿ ಕಟ್ಟುತ್ತೀರಿ, ಗುಡಿ ಕಟ್ಟಿದರೆ ಹುಂಡಿ ಇಡುತ್ತೀರಿ, ಅದಕ್ಕೇ ಅಮಾವಾಸ್ಯೆಗೊಮ್ಮೆ ಅವರನ್ನು ಕಂಬಳಿ ಮೇಲೆ ಕೂರಿಸಿ ಬೈಯಿರಿ. ಇದ್ದದ್ದನ್ನೇ ಬೈಯಬೇಕು, ಗೊತ್ತಿದ್ದದ್ದನ್ನು ಮುಚ್ಚಿಡಬಾರದು. ಕಂಬಳಿ ತುಳಿದವರು ಎಲ್ಲರ ಬೈಗುಳ ತಿಂದು, ತಾವೇ ನಗುವ ತನಕ ಇಳಿಯುವಂತಿಲ್ಲ. ಹೊರಗಿನವರಿಗೆ ಹೇಳಿದರೆ ಮೊಬೈಲು ಹಿಡಿದು ಬರುತ್ತಾರೆ, ಆಮೇಲೆ ಬೈಗುಳವೂ ನಾಟಕವಾಗುತ್ತದೆ ಎಂದು ಕದ ಹಾಕುತ್ತಿದ್ದರು.

ಅಂದು ಕಂಬಳಿ ಮೇಲೆ ಎಲ್ಲರಿಗಿಂತ ಹಿರಿಯಳಾದ ಹಾಲವ್ವ ಕುಂತಿದ್ದಳು.

"ಏ ಮುದುಕಿ, ಗುಟ್ಟು ಎದಿಯಾಗ ಇಟ್ಕೊಂಡ ಸಾಯ್ತಿಯೇನ?" ಎಂದು ಸೊಸೆ ಸರೋಜವ್ವ ಚೀರಿದಳು. "ಉಪ್ಪಿನಕಾಯಿಗೆ ಏನ ಹಾಕ್ತಿ ಅಂತ ಇವತ್ತ ಹೇಳಲಿಲ್ಲಂದ್ರ ನಿನ್ನ ಬಿಡಾಂಗಿಲ್ಲ!"

ಜನ ನಕ್ಕು ನಕ್ಕು ನೆಲ ಬಡಿದರು. "ಅಯ್ಯಯ್ಯ, ಸತ್ನೆಪಾ, ಸಾಕ್ರೋ!" ಎಂದು ಹಾಲವ್ವ ಹೊಟ್ಟೆ ಹಿಡಿದುಕೊಂಡಳು.

ಧಡ್ ಎಂದು ಅಗಳಿ ಕಿತ್ತು ಬಂತು.

"ಬಿಡ್ರಲೇ ಮುದುಕೀನ!"

ಕರಬಸಪ್ಪ ಹೆಲ್ಮೆಟ್ಟನ್ನು ಗದೆಯಂತೆ ಬೀಸುತ್ತಾ ನುಗ್ಗಿ, ಹಾಲವ್ವನನ್ನು ಕೂಸಿನಂತೆ ಎತ್ತಿಕೊಂಡ. ಮೂಲೆಯಲ್ಲಿದ್ದ ಶರಣು ಗುರುತು ಹಿಡಿದ: ಅಂಕಿತಾಳ ಮಾವ!

"ಇಳಸೋ ತಮ್ಮಾ," ಎಂದಳು ಹಾಲವ್ವ ಅವನ ತೋಳಿನಿಂದಲೇ. "ನಕ್ಕು ಹೊಟ್ಟಿ ನೋಯಾಕತ್ತೇತಿ, ಮ್ಯಾಲ ನೀ ಬ್ಯಾರೆ ಹಿಸುಕ್ತಿ." ಆಮೇಲೆ ಕೆಳಗೆ ನೋಡಿದಳು. "ಅಗೋ, ಕಂಬಳಿ ತುಳದಾನ!"

ನಾಲ್ಕು ಮಾತಿನಲ್ಲಿ ಪದ್ಧತಿ ಹೇಳಿ ಅವನನ್ನೇ ಕೂರಿಸಿದರು.

"ನಾ ನಿಮ್ಮ ಪೈಕಿ ಅಲ್ಲರಿ!"

"ಕಾಲು ನಿಂದ ಹೌದಿಲ್ಲೋ?" ಎಂದಳು ಹಾಲವ್ವ.

ಸರೋಜವ್ವ ಶುರು ಮಾಡಿದಳು: "ಮೀಸಿಗೆ ಹಚ್ಚಿದ ಬಣ್ಣ ಮೂಗಿಗೂ ಹತ್ತೇತಿ, ಮನ್ಯಾಗ ಕನ್ನಡಿ ಇಲ್ಲೇನ?"

"ಕದಾ ಮುರದು ಮುದುಕೀನ ಉಳಸಾಕ ಬಂದಾಂವ, ಚಪ್ಪಲಿ ಮಾತ್ರ ಹೊರಗ ಸಾಲಾಗಿ ಬಿಟ್ಟು ಬಂದಾನ ನೋಡ್ರಿ!" ಎಂದ ಪಕ್ಕದ ಮನೆಯ ಚನ್ನೇಶ. ಮನೆ ಹಾರಿಹೋಗುವಂತೆ ನಕ್ಕರು. ಕರಬಸಪ್ಪ ನಗಲಿಲ್ಲ.

ಶರಣುವಿನ ಸರದಿ ಬಂತು. ಬೈದರೆ ಅಂಕಿತಾ ಹೋದಳು. ಬೈಯದಿದ್ದರೆ ತನ್ನವರ ಮುಂದೆ ತಾನು ಸುಳ್ಳ. ಅವನು ನೆಲ ನೋಡಿದ.

"ನಾಲಿಗಿ ನುಂಗಿದಿಯೇನೋ?" ಎಂದಳು ಹಾಲವ್ವ.

ಶರಣು ಕಣ್ಣು ಮುಚ್ಚಿದ. ಇಷ್ಟು ವರ್ಷ ಚಹಾದಂಗಡಿಗಳ ಮುಂದೆ ನುಂಗಿದ್ದ ಸಿಟ್ಟೆಲ್ಲ ಒಮ್ಮೆಲೇ ಎದ್ದು ಬಂತು. "ಬಾಗಲಾ ಬಡದಿದ್ರ ಚಹಾ ಕೊಡ್ತಿದ್ವಿ. ನೀ ಕಳ್ಳನಂಗ ಕಿವಿ ಹಚ್ಚಿದಿ. ಮಂದಿ ಬಾಯಿಲೆ ನಮ್ಮನ್ನ ನೋಡಾಂವಗ ಕಣ್ಣು ಯಾತಕ್ಕ ಬೇಕು? ನಿನ್ನ ಖಾರದ ಪೊಟ್ಟಣದಾಗ ಅರ್ಧ ಗಾಳಿ, ಮಾತಿನ್ಯಾಗ ಪೂರಾ ಗಾಳಿ!"

ಕರಬಸಪ್ಪನ ಮುಖ ಬ್ಯಾಡಗಿ ಮೆಣಸಿನಕಾಯಿಯಾಯಿತು. ನಿಧಾನವಾಗಿ ಮೊಬೈಲು ತೆಗೆದು, ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಒತ್ತಿದ.

"ಅಂಕಿತಾ, ಈ ನಿನ್ನ ಹುಡುಗ ನನಗ ಗಾಳಿ ಅಂದ! ಇಂಥಾವನ್ನ ಮಾಡ್ಕೊಂತಿಯೇನ?"

"ಅಷ್ಟ ಅಂದನೇನ?" ಎಂದಿತು ಫೋನು. "ಹಲ್ಲಿ ಕಂಡ್ರ ಮಂಚಾ ಹತ್ತಿ ನಮ್ಮವ್ವನ್ನ ಕೂಗ್ತಿಯಲ್ಲ, ಅದನ್ನ ಹೇಳಿಲ್ಲೇನ? ನಾನ ಅವಗ ಹೇಳಿದ್ದೆ. ಪಾಪ, ನಿನ್ನ ಮರ್ಯಾದಿ ಉಳಿಸ್ಯಾನ. ಮಾಡ್ಕೊಂತೇನಿ ಮಾವಾ, ಅವನ್ನ ಮಾಡ್ಕೊಂತೇನಿ!"

"ಶರಣ್ಯಾ!" ಎಂದು ಹಾಲವ್ವ ಗದರಿದಳು. "ಹಲ್ಲಿ ವಿಷಯ ಮುಚ್ಚಿಟ್ಟಿಯೇನಲೇ?"

ಕರಬಸಪ್ಪ ಮೀಸೆ ಕಚ್ಚಿ ಹಿಡಿದ. ಮೊದಲು ಮೂಗಿನಿಂದ ಪುಸ್ ಎಂದು ಹೊರಬಿತ್ತು. ಆಮೇಲೆ ಹೊಟ್ಟೆ ಕುಣಿಯಿತು. ಆಮೇಲೆ ಆ ದೊಡ್ಡ ಮನುಷ್ಯ ಮಗ್ಗಲಿಗೆ ಉರುಳಿ, ಎರಡೂ ಕೈಯಿಂದ ನೆಲ ಬಡಿಯತೊಡಗಿದ.

"ನಕ್ಕ! ಇನ್ನ ಇಳೀಬೌದು," ಎಂದಳು ಹಾಲವ್ವ.

"ತಡೀರಿ, ತಡೀರಿ," ಎಂದ ಕರಬಸಪ್ಪ ಕಣ್ಣೊರೆಸಿಕೊಳ್ಳುತ್ತಾ. "ಹುಡುಗೀನ ಕೊಟ್ಟೆ. ಆದ್ರ ಆಕಿ ಬೈಯೂದು ಇನ್ನೂ ಮುಗದಿಲ್ಲ."

"ಮಾವಾ, ಕುಂತಿಯಿಲ್ಲ?" ಎಂದಿತು ಫೋನು. "ಹಂಗಾರ ಎರಡನೇದು ಕೇಳು..."