ಅಂಗೈ ಮೇಲೆ ಉಲಿಯಕ್ಕಿ

ಮಂಜೋ ಹೊಗೆಯೋ, ಜೊಂಡಿನ ಮೇಲೆ ಏನೋ ತೇಲ್ತಾ ಇದೆ, ಬಲೆ ಎಲ್ಲಿ ಮುಗಿದು ಬೆಳಕು ಎಲ್ಲಿ ಶುರುವಾಗುತ್ತೋ ಗೊತ್ತಾಗ್ತಿಲ್ಲ, ಬೇಸಿಗೆ ಮುಗೀತಾ ಬಂತು ಅಂತ ನೀರಿಗೆ ನಮಗಿಂತ ಮೊದಲೇ ಗೊತ್ತು, ಹಕ್ಕಿಗಳಿಗೆ ಅದಕ್ಕೂ ಮೊದಲು — ಬಲೆಗೆ ಬಿದ್ದ ಹಕ್ಕಿ ಹಾಕಿಟ್ಟ ಬಟ್ಟೆಚೀಲದೊಳಗೆ ಕೈ ಇಳಿಸಿದೆ, ಸಿಕ್ತು, ಉಲಿಯಕ್ಕಿ, ಎರಡು ಬೆರಳ ನಡುವೆ ಕತ್ತು, ಅಂಗೈಗೆ ಬೆನ್ನು, ಎಷ್ಟು ಹಗುರ ಅಂದ್ರೆ ಹಿಡಿದಿದೀನಾ ಇಲ್ವಾ ಅಂತ ಕೈಯನ್ನೇ ಕೇಳಬೇಕು, ಹೊಟ್ಟೆಯ ಗರಿ ಮೆಲ್ಲಗೆ ಊದಿದರೆ ಕೆಳಗೆ ಹಳದಿ ಕೊಬ್ಬು, ಪರವಾಗಿಲ್ಲ ಮರಿ, ಬುತ್ತಿ ಚೆನ್ನಾಗೇ ಕಟ್ಕೊಂಡಿದೀಯ, ಸಮುದ್ರ ದಾಟ್ತೀಯ, ನಾನು ಸಮುದ್ರ ನೋಡಿದ್ದು ಮದುವೆಯಾದ ಹೊಸದರಲ್ಲಿ, ನಮ್ಮನೆಯವರು ಚಪ್ಪಲಿ ಕೈಲಿ ಹಿಡ್ಕೊಂಡು ಅಲೆಗೆ ಹೆದರಿ ಹಿಂದಕ್ಕೆ ಓಡಿದ್ದು — ಇಕ್ಕಳ ಎಲ್ಲಿ, ಇಲ್ಲೇ ಇದೆ, ನಂಬರು ಕೊರೆದ ಉಂಗುರ ಇಕ್ಕಳದ ಬಾಯಲ್ಲಿ, ಇದನ್ನ ಕಾಲಿಗೆ ತೊಟ್ಕೊಂಡು ಹೋಗು, ಎಲ್ಲಿ ಇಳಿದೆ ಅಂತ ನಂಬರು ನೋಡಿ ಯಾರಾದ್ರೂ ತಿಳಿಸ್ತಾರೆ, ಕಡ್ಡಿಯಂಥ ಕಾಲು, ಒತ್ತಬೇಕು, ಹೆಚ್ಚು ಒತ್ತಿದರೆ ಕಾಲೇ ಹೋಗುತ್ತೆ, ಪಟಪಟ ಅಂತಿದೆ, ಯಾವುದು, ಅದರ ಎದೆಯೋ ನನ್ನ ಬೆರಳೋ, ಇಕ್ಕಳದ ತುದಿ ಒಂದು ಕಡೆ ನಿಲ್ತಾ ಇಲ್ಲ, ಡಾಕ್ಟರು ಹೇಳಿದ್ದು ಇದನ್ನೇ, ನಡುಕ ನಿಧಾನಕ್ಕೆ ಹೆಚ್ಚಾಗುತ್ತಮ್ಮಾ, ಮನೇಲಿ ಹೇಳಿದೀರಾ, ಹೇಳ್ತೀನಿ ಸಾರ್, ಹೇಳಿಲ್ಲ — ಏನಾಯ್ತಕ್ಕ, ಮೇಜಿನ ಆಚೆಯಿಂದ ತಮ್ಮ, ಹಕ್ಕಿ ತೂಗೋ ತಕ್ಕಡಿ ಒರೆಸ್ತಾ, ಏನಿಲ್ಲ ಕಣೋ, ಚಳಿ, ಅಂದೆ, ಅಂದಮೇಲೆ ನನಗೇ ಕೇಳಿಸಿತು, ಅಮ್ಮನ ದನಿ, ಅಮ್ಮನ ಮಾತು, ಕೈಲಿ ಲೋಟ ಕುಣಿದು ಮಡಿಲ ಮೇಲೆ ನೀರು ಚೆಲ್ಲಿದಾಗೆಲ್ಲ ಚಳಿ ಕಣ್ರೋ ಅನ್ನೋಳು, ಸುಡುಬಿಸಿಲಲ್ಲೂ ಚಳಿ, ನಾವಿಬ್ಬರೂ ನಂಬಿದ ಹಾಗೆ ಇರ್ತಿದ್ವಿ, ಇವನು ಹೋಗಿ ಕಂಬಳಿ ಬೇರೆ ತಂದು ಹೊದಿಸೋನು, ಪೆದ್ದ, ಪೆದ್ದನಲ್ಲ, ಅವನಿಗೂ ಕೇಳಿಸಿದೆ, ಒರೆಸೋ ಕೈ ನಿಂತಿದೆ, ಅಕ್ಕ, ಅಂತಾನೆ, ಜೊಂಡಿನೊಳಗೆ ಏನೋ ಪುಳಕ್ಕಂತ ಮುಳುಗಿತು, ಇನ್ನೊಂದು ಸಲ ಒತ್ತಿ ನೋಡಲಾ, ಒಂದೇ ಒಂದು ಸಲ, ನನ್ನ ಹಟ ಇದರ ಕಾಲ ಮೇಲಾ, ಬೇಡ, ಇಕ್ಕಳ ಕೆಳಗಿಟ್ಟೆ, ತಗೊಳೋ, ನೀನೇ ಹಾಕು, ಇನ್ಮೇಲೆ ನೀನೇ ಹಾಕು, ಹಕ್ಕೀನೂ ಇಕ್ಕಳಾನೂ ತಗೊಂಡ, ಒಂದೇ ಸಲ ಒತ್ತಿದ, ಉಂಗುರ ಕೂತಿತು, ಅವನ ಮೂಗಿನ ತುದೀಲಿ ಒಂದು ಹನಿ, ಮಂಜೇ ಇರಬೇಕು, ತೂಗಿದ, ರೆಕ್ಕೆ ಅಳೆದ, ಆಮೇಲೆ ಹಕ್ಕೀನ ನನ್ನ ಕಡೆ ಚಾಚಿದ, ಬಿಡೋಕೆ ನೀನೇ ಬೇಕಕ್ಕ, ನಂಗೆ ಬರಲ್ಲ, ಸುಳ್ಳ, ಎಷ್ಟು ಬಿಟ್ಟಿಲ್ಲ ನೀನು — ನೀರಿನ ಕಡೆ ತಿರುಗಿ ಬೆರಳು ಬಿಡಿಸಿದೆ, ಹಾರಲಿಲ್ಲ, ಬೆನ್ನ ಮೇಲೆ ಮಲಗೇ ಇದೆ, ಬಿಟ್ಟಿದೀನಿ ಅಂತ ಗೊತ್ತಾಗಿಲ್ಲ ಅದಕ್ಕೆ, ಹೋಗು ಮರಿ, ಯಾರೂ ಹಿಡಿದಿಲ್ಲ, ಕೈ ನಡುಗ್ತಿದೆ, ಅದರ ಜೊತೆ ಅದೂ ನಡುಗ್ತಿದೆ, ಕಾಲು ಮೇಲೆ, ಉಂಗುರ ಮಿಣುಕ್ತಿದೆ, ಹೋಗು — ತೆರೆದ ಅಂಗೈ, ಅದರ ಮೇಲೆ ಹಕ್ಕಿ, ತೆರೆದ ಅಂಗೈ, ಹಕ್ಕಿ, ತೆರೆದ ಅಂಗೈ