ಸಿಂಹ ಬರೆಯುವ ಕೈ

ಮಗಳಿಗೆ ತಿಳಿಯದಂತೆ, ಬೇರೆ ಹೆಸರಿನಲ್ಲಿ ಗಂಗಾಲಕ್ಷ್ಮಿ ಆ ಗುಂಪಿಗೆ ಸೇರಿ ಎಂಟು ತಿಂಗಳಾಗಿತ್ತು. ಮೊಬೈಲಿನಲ್ಲಿ ವಾರಕ್ಕೊಂದು ಕಂತು ಬರುವ ಮಾಯಾಲೋಕದ ಕಾದಂಬರಿ. ಮುಂದೇನಾಗಬಹುದೆಂದು ಓದುಗರು ತರ್ಕ ಹೂಡುವ ಗುಂಪು. ಅಂಬಿಗನ ಮನೆಯಲ್ಲಿ ಬೆಳೆದ ನಾಯಕಿ ಮುಟ್ಟಿದರೆ ಸತ್ತ ಕಲ್ಲು ಬೆಳಗುತ್ತದೆ. ಹಾಗಾದರೆ ಅವಳು ಯಾರ ಮಗಳು? ಮಗಳು, ಹದಿನೈದರ ಮಾನಸ, ಅಲ್ಲಿ ಉದ್ದುದ್ದ ಬರೆಯುತ್ತಿದ್ದಳು: ‘ಸಾಕಿದವರು ಬರೀ ಸಾಕಿದವರು. ಶಕ್ತಿ ಬರುವುದು ರಕ್ತದಲ್ಲಿ. ಅವಳು ರಾಜವಂಶದವಳೇ.’

ಓದಿದಾಗಲೆಲ್ಲ ಗಂಗಾಲಕ್ಷ್ಮಿ ಫೋನನ್ನು ಬೋರಲು ಹಾಕುತ್ತಿದ್ದಳು. ಮಾನಸಳಿಗೆ ಅವಳನ್ನು ದತ್ತು ತಂದ ವಿಷಯ ಹೇಳುವುದನ್ನು, ಐದು ತುಂಬಲಿ, ಹತ್ತು ತುಂಬಲಿ, ಈ ಪರೀಕ್ಷೆ ಮುಗಿಯಲಿ ಎಂದು ಮುಂದೂಡಿ ಮುಂದೂಡಿ ತಾಯಿಗೆ ಸುಸ್ತಾಗಿಹೋಗಿತ್ತು.

ಸುಗಟೂರಿನ ಅವರ ಮನೆಗೆ ಸರ್ಪಸುತ್ತು ಎದ್ದವರು ಹುಡುಕಿಕೊಂಡು ಬರುತ್ತಾರೆ. ವಾಸಿಯಾಗಲೆಂದು ಮಾವ ಪೆದ್ದಪ್ಪ ಗುಳ್ಳೆಗಳ ಸುತ್ತ ಕಡ್ಡಿಯಿಂದ ಕೆಮ್ಮಣ್ಣಿನಲ್ಲಿ ಸಿಂಹ ಬರೆಯುತ್ತಾರೆ. ಆ ಕೈಗುಣ ಮನೆಯ ರಕ್ತಕ್ಕೆ ಮಾತ್ರ; ಹೊರಗಿನವರು ಬರೆದರೆ ಗುಳ್ಳೆ ಹರಡುತ್ತದಂತೆ. ಸೊಸೆಯಾಗಿ ಬಂದು ಇಪ್ಪತ್ತು ವರ್ಷ ಕೆಮ್ಮಣ್ಣು ಅರೆದುಕೊಟ್ಟ ಗಂಗಾಲಕ್ಷ್ಮಿ ಒಮ್ಮೆಯೂ ಕಡ್ಡಿ ಮುಟ್ಟಿರಲಿಲ್ಲ.

ಆ ಭಾನುವಾರ ಲಕ್ಕೂರಿನ ಶ್ರೀನಿವಾಸಪ್ಪ ಅಂಗಿ ಬಿಚ್ಚಿ ಕೂತಾಗ ಪೆದ್ದಪ್ಪನ ಕೈ ನಡುಗುತ್ತಿತ್ತು.

“ಲೇ ಮಾನಸ, ಬಾರೇ ತಲ್ಲಿ, ನನ್ನ ತಾಯಿ. ಇವತ್ತು ನೀನೇ ಬರಿ.”

“ಬೇಡ ಮಾವ, ಅವಳಿಗೆ ಓದೋದಿದೆ.”

“ಒಂದು ಸಿಂಹಕ್ಕೆ ಎಷ್ಟೊತ್ತಮ್ಮ?”

ಮಾನಸ ಉಸಿರು ಬಿಗಿಹಿಡಿದು ಬರೆದಳು. ಪೆದ್ದಪ್ಪ ನೋಡಿ ನಕ್ಕರು.

“ಏನಮ್ಮ, ಗುರ್ ಅನ್ನುತ್ತಾ, ಮಿಯಾಂವ್ ಅನ್ನುತ್ತಾ?” ಎಂದರು ಶ್ರೀನಿವಾಸಪ್ಪ, ಕಾಣದ ಬೆನ್ನಿನ ಕಡೆ ಕತ್ತು ಹೊರಳಿಸುತ್ತ.

ಗಂಗಾಲಕ್ಷ್ಮಿ ಗೇಟಿನವರೆಗೂ ಹೋಗಿ, ಇವತ್ತೇ ಡಾಕ್ಟರಿಗೆ ತೋರಿಸಿ ಮಾತ್ರೆ ತಗೊಳ್ಳಿ ಎಂದು ಎರಡೆರಡು ಸಲ ಹೇಳಿ ಕಳಿಸಿದಳು.

ಹತ್ತು ದಿನಕ್ಕೆ ಶ್ರೀನಿವಾಸಪ್ಪನವರ ಫೋನ್ ಬಂತು. ಗುಳ್ಳೆ ಒಣಗಿತ್ತು.

“ನೋಡಿದ್ಯಾ! ತಾತನ ರಕ್ತ ಕಣಮ್ಮ!” ಮಾನಸ ಕುಣಿದಳು.

“ಮಾತ್ರೆನೂ ನುಂಗಿದಾರೆ.”

“ಮಾತ್ರೆ ಎಲ್ರೂ ನುಂಗ್ತಾರೆ, ಬಿಡು.”

ಆಗಲೇ ಅವಳ ಹೆಬ್ಬೆರಳು ಗುಂಪಿನಲ್ಲಿ ಓಡುತ್ತಿತ್ತು: ‘ರಕ್ತದ ಶಕ್ತಿಗೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ. ಅದು ನಾನೇ.’ ಗಂಗಾಲಕ್ಷ್ಮಿ ಪಕ್ಕದಿಂದ ಇಣುಕಿ ಓದಿದಳು. ಸಾವಿರ ಜನ ಇದನ್ನು ಓದಿ ಭೇಷ್ ಅಂದ ಮೇಲೆ ಇವಳಿಗೆ ನಿಜ ಹೇಳುವುದು ಹೇಗೆ?

“ಕಳಿಸ್ಬೇಡ,” ಎಂದಳು ಗಂಗಾಲಕ್ಷ್ಮಿ.

“ಯಾಕೆ?”

ಹತ್ತು ವರ್ಷ ಜೋಡಿಸಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ನಿನ್ನನ್ನ ನಾನು ಹೆತ್ತಿಲ್ಲ ಕಣೇ. ದತ್ತು ತಗೊಂಡ್ವಿ. ಹತ್ತು ತಿಂಗಳ ಮಗು ನೀನಾಗ.”

ಮಾನಸ ಅಳಲಿಲ್ಲ. ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿದಳು. ಅದಕ್ಕೆ ಬಹಳ ಹೊತ್ತು ಹಿಡಿಯಿತು.

“ತಾತಂಗೆ ಗೊತ್ತಾ?”

“ಕೋಲಾರದಿಂದ ಬಸ್ಸಲ್ಲಿ ನಿನ್ನನ್ನ ಮಡಿಲಲ್ಲಿ ಇಟ್ಕೊಂಡು ಬಂದಿದ್ದೇ ಅವರು.”

“ಗೊತ್ತಿದ್ದೂ ನನಗೆ ಕಡ್ಡಿ ಕೊಟ್ರಾ?”

“ಹೂಂ.”

ಮಾನಸ ತಾಯಿಯ ಮುಖವನ್ನೇ ನೋಡಿದಳು. “ಮತ್ತೆ ಇಪ್ಪತ್ತು ವರ್ಷದಿಂದ ನಿನಗ್ಯಾಕೆ ಕೊಡಲಿಲ್ಲ?”

ಮಗಳು ಏನೇನು ಕೇಳಬಹುದೆಂದು ಗಂಗಾಲಕ್ಷ್ಮಿ ಎಷ್ಟೋ ಸಲ ಎಣಿಸಿದ್ದಳು. ಇದನ್ನು ಎಣಿಸಿರಲಿಲ್ಲ. ಅವಳು ಮಗಳ ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟಳು.